ಕಣ್ಣು ಕಟ್ಟಿ ಕಡಲಿಗೆ ನಡೆಸಿದವನ ಪ್ರೇಮ

ಬ್ಯಾಂಕ್ ದರೋಡೆಯ ಚಿತ್ರಗಳ ಪೈಕಿ ನನ್ನನ್ನು ಬಹಳ ಕಾಡಿರುವುದು ಬೆನ್ ಆಫ್ಲೆಕ್ ನಿರ್ದೇಶಿಸಿ, ತಾವೇ ನಾಯಕರಾಗಿ ನಟಿಸಿದ, 2010ರ ‘ದಿ ಟೌನ್’. ಬಾಸ್ಟನ್ ನಗರದ ಚಾರ್ಲ್ಸ್‌ಟೌನ್ ಎಂಬ ಕೇರಿಯ ಕಥೆ ಅದು. ಕಾರವಾರದ ಶಾಖೆಯೊಂದರಲ್ಲಿ ಕ್ಯಾಶ್ ನೋಡಿಕೊಳ್ಳುವ ನನಗೆ ಅದರ ಗುಂಡಿನ ಕಾಳಗಕ್ಕಿಂತ ಮೊದಲ ದರೋಡೆಯೇ ಹೆಚ್ಚು ನಿಜವೆನಿಸಿತು.

ಮುಸುಕುಧಾರಿಗಳು ಮ್ಯಾನೇಜರ್ ಕ್ಲೇರ್‌ಳಿಂದ ತಿಜೋರಿ ತೆರೆಸುವಾಗ ಅವಳ ಬೆರಳುಗಳು ನಡುಗುತ್ತವೆ. ಗುಂಪಿನ ನಾಯಕ ಡಗ್, ಆತುರ ಬೇಡವೆಂದು ಮೆಲುದನಿಯಲ್ಲಿ ಅವಳನ್ನು ಸಮಾಧಾನಪಡಿಸುತ್ತಾನೆ. ನಮ್ಮ ಸ್ಟ್ರಾಂಗ್ ರೂಮಿನ ಒಂದು ಕೀಲಿ ನನ್ನ ಬಳಿ, ಇನ್ನೊಂದು ಮ್ಯಾನೇಜರರ ಬಳಿ ಇರುತ್ತದೆ. ಎರಡೂ ಸೇರದೆ ಬಾಗಿಲು ತೆರೆಯುವುದಿಲ್ಲ. ಯಾವ ಭಯವೂ ಇಲ್ಲದ ಬೆಳಗಿನಲ್ಲಿಯೂ, ಕೌಂಟರಿನ ಮುಂದೆ ಜನ ಕಾಯುತ್ತಿದ್ದರೆ, ಕೀಲಿ ಒಮ್ಮೊಮ್ಮೆ ತೂತಿಗೆ ಸರಿಯಾಗಿ ಕೂರುವುದಿಲ್ಲ. ಹೀಗಿರುವಾಗ ಬಂದೂಕಿನೆದುರು ನಿಂತವಳ ಬೆರಳನ್ನು ಅಷ್ಟು ಹೊತ್ತು ತೋರಿಸಿದ ನಿರ್ದೇಶಕರ ಬಗ್ಗೆ ನನಗೆ ಗೌರವವಿದೆ. ಕುರುಹು ಅಳಿಸಲು ಬ್ಲೀಚ್ ಸುರಿಯುವುದೂ, ವಾಹನಗಳನ್ನು ಸುಡುವುದೂ ಕಸುಬುದಾರರ ಕೆಲಸದಂತೆಯೇ ಕಾಣುತ್ತವೆ.

ಅವಳನ್ನು ಒತ್ತೆಯಾಳಾಗಿ ಒಯ್ದವರು ಕಡಲತೀರದಲ್ಲಿ ಕಣ್ಣು ಕಟ್ಟಿ ಬಿಡುತ್ತಾರೆ. ಕಾಲ್ಬೆರಳಿಗೆ ನೀರು ತಾಗುವವರೆಗೆ ನಡೆ ಎನ್ನುತ್ತಾರೆ. ನಮ್ಮ ಟ್ಯಾಗೋರ್ ಕಡಲತೀರದಲ್ಲಿ ಬರಿಗಾಲಲ್ಲಿ ನಡೆದವರಿಗೆ ಒಣ ಮರಳು ಮುಗಿದು ಒದ್ದೆ ಮರಳು ಗಟ್ಟಿಯಾಗಿ ಪಾದಕ್ಕೆ ಸಿಗುವುದು ಎಂತಹ ಹಿತವೆಂದು ಗೊತ್ತು. ಅಲ್ಲಿ ಆ ಹಿತವೇ ಹೆದರಿಕೆಯಾಗುತ್ತದೆ.

ಚಿತ್ರದ ಪ್ರೇಮಕಥೆ ಈ ಹೆದರಿಕೆಯ ಮೇಲೆಯೇ ನಿಂತಿದೆ ಎಂಬುದು ನನ್ನ ತಕರಾರಿನ ಮೂಲ. ಅವಳಿಗೆ ಏನೇನು ನೆನಪಿದೆ ಎಂದು ತಿಳಿಯಲು ಹಿಂಬಾಲಿಸಿದ ಡಗ್, ಬಟ್ಟೆ ಒಗೆಯುವ ಅಂಗಡಿಯಲ್ಲಿ ಅವಳ ಪರಿಚಯ ಮಾಡಿಕೊಳ್ಳುತ್ತಾನೆ. ತನ್ನಿಂದಲೇ ಆದ ಗಾಯದ ಕಥೆಯನ್ನು ಅವಳ ಬಾಯಿಂದ ಕೇಳುತ್ತಾ, ಅವಳಿಗೆ ಸಾಂತ್ವನ ಹೇಳುವವನೂ ಅವನೇ ಆಗುತ್ತಾನೆ. ಇದಕ್ಕಿಂತ ಕ್ರೂರವಾದ ಮೋಸ ಆ ಚಿತ್ರದಲ್ಲಿ ಮತ್ತೊಂದಿಲ್ಲ. ಆದರೆ ಚಿತ್ರ ಅದನ್ನು ಒಲವೆಂದೇ ನಂಬಿ ನಮ್ಮನ್ನೂ ನಂಬಿಸುತ್ತದೆ.

ಆ ನಂಬಿಕೆ ಅಲುಗಾಡುವ ಒಂದು ದೃಶ್ಯವಿದೆ, ನನ್ನ ಪಾಲಿಗೆ ಇಡೀ ಚಿತ್ರದಲ್ಲಿ ಅದೇ ಶ್ರೇಷ್ಠ. ದರೋಡೆಯ ದಿನ ಕ್ಲೇರ್ ಕಂಡಿದ್ದು ಒಬ್ಬನ ಕುತ್ತಿಗೆಯ ಹಚ್ಚೆಯನ್ನು ಮಾತ್ರ. ಅವಳೂ ಡಗ್‌ನೂ ಊಟದ ಮೇಜಿನಲ್ಲಿ ಕೂತಿರುವಾಗ ಅದೇ ಹಚ್ಚೆಯವನು, ಡಗ್‌ನ ಗುಂಪಿನ ಗೆಳೆಯ ಜೆಮ್, ಬಂದು ಪಕ್ಕದಲ್ಲಿ ಕೂರುತ್ತಾನೆ. ಮಾತೆಲ್ಲ ಕುಶಲೋಪರಿಯೇ, ಆದರೂ ಅವನ ಕುತ್ತಿಗೆ ಅವಳತ್ತ ತಿರುಗಿದರೆ ಎಲ್ಲವೂ ಮುಗಿಯಿತು. ಜೆರೆಮಿ ರೆನ್ನರ್ ಈ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಪಡೆದದ್ದು ಸುಮ್ಮನೆ ಅಲ್ಲ. ವಾಸ್ತವವೂ ಪ್ರಣಯವೂ ಒಂದೇ ಮೇಜಿಗೆ ಬಂದಾಗ ಹುಟ್ಟುವ ಬಿಗುವು ಚಿತ್ರದ ಬೆನ್ನಟ್ಟುವ ಯಾವ ದೃಶ್ಯದಲ್ಲಿಯೂ ನನಗೆ ಸಿಗಲಿಲ್ಲ.

ಕೊನೆಯಲ್ಲಿ ಡಗ್ ತಪ್ಪಿಸಿಕೊಳ್ಳುತ್ತಾನೆ, ಅವಳ ತೋಟದಲ್ಲಿ ಹಣ ಹುಗಿದಿಟ್ಟು ಹೋಗುತ್ತಾನೆ, ಅವಳು ಆ ಹಣದಿಂದ ಮಕ್ಕಳ ಐಸ್ ಹಾಕಿ ಆಟದ ಅಂಗಣವನ್ನು ಸರಿಪಡಿಸಿ ಅವನ ತಾಯಿಯ ನೆನಪಿಗೆ ಅರ್ಪಿಸುತ್ತಾಳೆ. ಇಲ್ಲಿ ಚಿತ್ರ ತನ್ನ ಮಾತಿಗೆ ತಾನೇ ತಪ್ಪುತ್ತದೆ. ಸಂಜೆ ಲೆಕ್ಕ ಹೊಂದದಿದ್ದರೆ ಮನೆಗೆ ಹೊರಡಲಾಗದ ನನ್ನಂಥವಳಿಗೆ ಕದ್ದ ನೋಟು ಪ್ರೇಮದ ಮಣ್ಣಿನಲ್ಲಿ ಹೂತ ಮಾತ್ರಕ್ಕೆ ಶುದ್ಧವಾಗುವುದನ್ನು ಒಪ್ಪಲಾಗುವುದಿಲ್ಲ. ತಿಜೋರಿಯ ಮುಂದೆ ನಡುಗಿದ ಆ ಮ್ಯಾನೇಜರ್, ಕಳ್ಳತನದ ಹಣವೆಂದು ತಿಳಿದೂ, ಅದನ್ನು ಮುಟ್ಟುವಾಗ ಒಂದು ಕ್ಷಣವಾದರೂ ಹಿಂಜರಿಯಬೇಕಿತ್ತು.