ಹೊಸ ವಿನ್ಯಾಸ, ಹಳೆಯ ಕೈರೂಢಿ

ಆಪರೇಟಿಂಗ್ ಸಿಸ್ಟಂ ಹೊಸ ರೂಪ ತಳೆದು ಬಂದಾಗಲೆಲ್ಲ ಅದರ ಬಣ್ಣ, ಪಾರದರ್ಶಕತೆ, ದುಂಡಗಿನ ಮೂಲೆಗಳ ಬಗ್ಗೆ ಸಾಕಷ್ಟು ಚರ್ಚೆ ನಡೆಯುತ್ತದೆ. ಪತ್ರ ಟೈಪ್ ಮಾಡಿ, ಲೆಕ್ಕದ ಹಾಳೆ ತುಂಬಿಸಿ, ಫೋಟೋಗಳನ್ನು ಫೋಲ್ಡರಿಗೆ ಹಾಕಿ ಎದ್ದುಹೋಗುವ ಸಾಮಾನ್ಯ ಬಳಕೆದಾರರನ್ನು ಇವು ಯಾವುವೂ ಅಷ್ಟಾಗಿ ಕಾಡುವುದಿಲ್ಲ. ಅವರು ಪರದೆಯ ಮೇಲಿನ ಪದಗಳನ್ನು ಪ್ರತಿಸಲ ಓದುವುದೂ ಇಲ್ಲ. ಯಾವ ಮೂಲೆಗೆ ಹೋಗಿ ಒತ್ತಬೇಕೆಂಬುದು ವರ್ಷಗಳ ಬಳಕೆಯಿಂದ ಕೈಗೇ ರೂಢಿಯಾಗಿರುತ್ತದೆ. ವಿನ್ಯಾಸ ಬದಲಾದಾಗ ಪೆಟ್ಟು ಬೀಳುವುದು ಈ ರೂಢಿಗೆ.

ಇದಕ್ಕೆ ವಿಂಡೋಸ್ 8ಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. 1995ರಲ್ಲಿ ವಿಂಡೋಸ್ 95ರೊಂದಿಗೆ ಬಂದು ಪರದೆಯ ಎಡಮೂಲೆಯಲ್ಲಿ ನೆಲೆಯೂರಿದ್ದ ಸ್ಟಾರ್ಟ್ ಬಟನ್ನನ್ನು 2012ರ ಅಕ್ಟೋಬರಿನಲ್ಲಿ ತೆಗೆದುಹಾಕಿ, ಬೆರಳಿನಿಂದ ಮುಟ್ಟಿ ಬಳಸಲು ಹೊಂದುವಂತಹ ದೊಡ್ಡ ಚೌಕಗಳನ್ನು ಇಡೀ ಪರದೆಗೆ ಹರಡಲಾಯಿತು. ಮೌಸ್ ಹಿಡಿದವರು ಕಂಪ್ಯೂಟರ್ ಶಟ್‌ಡೌನ್ ಮಾಡಬೇಕೆಂದರೆ ಬಲಮೂಲೆಗೆ ಹೋಗಿ, ಅಲ್ಲಿ ಇಣುಕುವ ಪಟ್ಟಿಯಿಂದ ಸೆಟ್ಟಿಂಗ್ಸ್ ತೆರೆದು, ಅದರೊಳಗೆ ಪವರ್ ಎಂಬುದನ್ನು ಹುಡುಕಬೇಕಾಗಿತ್ತು. ಮರುವರ್ಷ 8.1ರಲ್ಲಿ ಬಟನ್ ಮರಳಿತಾದರೂ ಅದನ್ನು ಒತ್ತಿದರೆ ತೆರೆಯುತ್ತಿದ್ದುದು ಅದೇ ಚೌಕಗಳ ಪರದೆ. ಬಟನ್ ಒತ್ತಿದರೆ ಮೂಲೆಯಲ್ಲೇ ತೆರೆಯುವ ಸ್ಟಾರ್ಟ್ ಮೆನು ಮರಳಿ ಬಂದದ್ದು 2015ರ ವಿಂಡೋಸ್ 10ರಲ್ಲಿ. ನಡುವಿನ ಅವಧಿಯನ್ನು ಅನೇಕರು ಕ್ಲಾಸಿಕ್ ಶೆಲ್ ಎಂಬ ಉಚಿತ ತಂತ್ರಾಂಶದ ನೆರವಿನಿಂದ, ಹಳೆಯ ಮೆನುವನ್ನೇ ಮತ್ತೆ ಕೂರಿಸಿಕೊಂಡು ಕಳೆದರು. ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂನ ಬಳಕೆದಾರರು ಇನ್ನೂ ಒಂದು ಹೆಜ್ಜೆ ಮುಂದೆ: ಅದರಲ್ಲಿ ಪರದೆ, ಮೆನುಗಳನ್ನು ಒದಗಿಸುವ ಗ್ನೋಮ್ ಎಂಬ ತಂತ್ರಾಂಶದ ಹೊಸ ರೂಪ ಗ್ನೋಮ್ 3 2011ರಲ್ಲಿ ಬಂದಾಗ, ಒಪ್ಪದವರು ಗ್ನೋಮ್ 2ರ ಮೂಲ ಸಂಕೇತವನ್ನೇ (ಸೋರ್ಸ್ ಕೋಡ್) ಎತ್ತಿಕೊಂಡು ಮಾಟೆ ಎಂಬ ಹೆಸರಿನಲ್ಲಿ ಬೆಳೆಸಿದರು. ಆ ಸ್ವಾತಂತ್ರ್ಯ ಎಲ್ಲರಿಗೂ ಇರುವುದಿಲ್ಲ.

ಸಣ್ಣ ಬದಲಾವಣೆಗಳು ಕೊಡುವ ಕಿರಿಕಿರಿ ಕೆಲವೊಮ್ಮೆ ದೊಡ್ಡವುಗಳಿಗಿಂತ ಹೆಚ್ಚು. 2021ರಲ್ಲಿ ಬಂದ ವಿಂಡೋಸ್ 11ರಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ತೆರೆಯುವ ಮೆನುವನ್ನು ಚುಟುಕುಗೊಳಿಸಿ, ಕಟ್, ಕಾಪಿ, ಡಿಲೀಟ್‌ಗಳನ್ನು ಅಕ್ಷರವಿಲ್ಲದ ಪುಟ್ಟ ಚಿತ್ರಗಳ ಸಾಲಾಗಿಸಲಾಯಿತು. ಆ ಸಾಲಾದರೂ ಒಂದೆಡೆ ನಿಲ್ಲುತ್ತದೆಯೇ? ಮೆನು ಕೆಳಮುಖವಾಗಿ ತೆರೆದರೆ ಮೇಲ್ತುದಿಯಲ್ಲಿ, ಮೇಲ್ಮುಖವಾಗಿ ತೆರೆದರೆ ಕೆಳತುದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಚಿತ್ರಗಳ ಕೆಳಗೆ ಹೆಸರು ಸೇರಿಸಲು 2024ರ ಆವೃತ್ತಿಯವರೆಗೆ ಕಾಯಬೇಕಾಯಿತು. ಹಳೆಯ ಮೆನು ಬೇಕಾದವರು ಫೈಲನ್ನು ಆರಿಸಿಕೊಂಡು ಶಿಫ್ಟ್ ಮತ್ತು ಎಫ್10 ಒತ್ತಬಹುದು, ಆದರೆ ಇದನ್ನು ಯಾರಾದರೂ ಹೇಳಿಕೊಡದೆ ತಿಳಿಯುವುದು ಕಷ್ಟ.

ಹೀಗಾಗಿ ಕೀಬೋರ್ಡಿನ ಮೇಲೆಯೇ ನನಗೆ ಹೆಚ್ಚು ನಂಬಿಕೆ. ಝಡ್, ಎಕ್ಸ್, ಸಿ, ವಿ ಎಂಬ ನಾಲ್ಕು ಕೀಲಿಗಳು 1984ರ ಆ್ಯಪಲ್ ಮ್ಯಾಕಿಂಟಾಷ್ ಕಂಪ್ಯೂಟರಿನಲ್ಲಿ ಮಾಡುತ್ತಿದ್ದ ಅನ್‌ಡೂ, ಕಟ್, ಕಾಪಿ, ಪೇಸ್ಟ್ ಕೆಲಸಗಳನ್ನೇ ಇಂದಿಗೂ ಮಾಡುತ್ತಿವೆ. ಜೊತೆಗೆ ಒತ್ತುವ ಕೀಲಿ ಮ್ಯಾಕ್‌ನಲ್ಲಿ ಕಮಾಂಡ್, ವಿಂಡೋಸ್‌ನಲ್ಲಿ ಕಂಟ್ರೋಲ್, ಅಷ್ಟೇ. ಯಾವ ವಿನ್ಯಾಸಕಾರರೂ ಅವುಗಳ ತಂಟೆಗೆ ಹೋಗಿಲ್ಲ.

ಹುಡುಕುವ ಪೆಟ್ಟಿಗೆ ಇದ್ದಮೇಲೆ ಜಾಗ ಯಾಕೆ ನೆನಪಿಡಬೇಕು ಎಂದು ಬಲ್ಲವರು ಕೇಳುತ್ತಾರೆ. ಹುಡುಕಲು ಹೆಸರು ಗೊತ್ತಿರಬೇಕಲ್ಲ! ಜಾಗದ ಗುರುತಿನಿಂದ ಕೆಲಸ ಕಲಿತವರಿಗೆ ಹೆಸರು ನೆನಪಿರುವುದು ಅಪರೂಪ, ಮೇಲಾಗಿ ಹೆಸರುಗಳೂ ನಿಂತ ನೀರಲ್ಲ. ತಂತ್ರಾಂಶಗಳನ್ನು ಅಳಿಸುವ ಜಾಗಕ್ಕೆ ವಿಂಡೋಸ್ ಎಕ್ಸ್‌ಪಿಯಲ್ಲಿ 'ಆ್ಯಡ್ ಆರ್ ರಿಮೂವ್ ಪ್ರೋಗ್ರಾಮ್ಸ್' ಎಂಬ ಹೆಸರಿತ್ತು, ಅದರ ಮುಂದಿನ ಆವೃತ್ತಿ ವಿಸ್ಟಾದಲ್ಲಿ ಅದು 'ಪ್ರೋಗ್ರಾಮ್ಸ್ ಆ್ಯಂಡ್ ಫೀಚರ್ಸ್' ಆಯಿತು, ಈಗ 'ಇನ್‌ಸ್ಟಾಲ್ಡ್ ಆ್ಯಪ್ಸ್' ಆಗಿದೆ.

ಹೊಸ ಆವೃತ್ತಿಯನ್ನು ಮುಂದೂಡುತ್ತ ಹೋಗುವವರೂ ಇದ್ದಾರೆ, ಅವರನ್ನು ಸೋಮಾರಿಗಳೆನ್ನಲಾರೆ. ಆದರೆ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು, ಭದ್ರತೆಯ ದೃಷ್ಟಿಯಿಂದ ಈ ಮುಂದೂಡಿಕೆಗೆ ಮಿತಿಯಿದೆ. ಅನಿವಾರ್ಯವಾಗಿ 11ಕ್ಕೆ ಬಂದವರು ಮೊದಲು ಟಾಸ್ಕ್‌ಬಾರ್ (ಪರದೆಯ ಕೆಳಗಿನ ಪಟ್ಟಿ) ಸೆಟ್ಟಿಂಗ್ಸ್‌ಗೆ ಹೋಗಿ, ನಡುವಿಗೆ ಸರಿದಿರುವ ಐಕಾನ್‌ಗಳನ್ನು ಎಡಕ್ಕೆ ಹೊಂದಿಸಿಕೊಳ್ಳುವುದು ಒಳ್ಳೆಯದು. ಉಳಿದದ್ದನ್ನು ನಿಧಾನವಾಗಿ ಕಲಿಯಬಹುದು.