ನೊಣದ ಕಂತಿನ ಪರವಾಗಿ
ಮಾದಕವಸ್ತು ತಯಾರಿಕೆಗಿಳಿದ ರಸಾಯನಶಾಸ್ತ್ರದ ಮೇಷ್ಟ್ರು ವಾಲ್ಟರ್‌ನ ಕತೆ ಹೇಳುವ ಅಮೆರಿಕದ ಟಿವಿ ಧಾರಾವಾಹಿ ‘ಬ್ರೇಕಿಂಗ್ ಬ್ಯಾಡ್’ ಮುಗಿದದ್ದು 2013ರಲ್ಲಿ. ಅಭಿಮಾನಿಗಳ ಜಗಳ ಇನ್ನೂ ಮುಗಿದಿಲ್ಲ. ‘ಫ್ಲೈ’ ಕಂತನ್ನು ಇಂದಿಗೂ ಹಲವರು ಹಳಿಯುತ್ತಾರೆ: ಪ್ರಯೋಗಾಲಯಕ್ಕೆ ಹೊಕ್ಕ ನೊಣದ ಬೆನ್ನು ಹತ್ತುವುದು ಬಿಟ್ಟರೆ ಅದರಲ್ಲಿ ಏನೂ ನಡೆಯುವುದಿಲ್ಲವಂತೆ. ನನಗೆ ಅದೇ ಅಚ್ಚುಮೆಚ್ಚು. ವಾಲ್ಟರ್‌ನ ದಂಧೆಯ ಜೊತೆಗಾರ ಜೆಸ್ಸಿ ಏಣಿಯ ಮೇಲಿದ್ದಾನೆ, ನಿದ್ದೆಮಾತ್ರೆಯ ಮಂಪರಿನಲ್ಲಿ ವಾಲ್ಟರ್ ಏಣಿ ಹಿಡಿದು ನಿಂತಿದ್ದಾನೆ. ಜೆಸ್ಸಿಯ ಪ್ರೇಯಸಿ ಜೇನ್ ಸತ್ತ ರಾತ್ರಿಯ ಸತ್ಯ, ಅಂದರೆ ತಾನು ಅವಳನ್ನು ಉಳಿಸದೆ ನೋಡುತ್ತ ನಿಂತಿದ್ದ ಸಂಗತಿ, ವಾಲ್ಟರ್‌ನ ನಾಲಿಗೆಯ ತುದಿಗೆ ಬಂದಾಗ ನನ್ನ ಉಸಿರೇ ನಿಂತಂತಾಗುತ್ತದೆ. ಎಲ್ಲರೂ ಕೊಂಡಾಡುವ ‘ಓಜಿಮ್ಯಾಂಡಿಯಸ್’ ಕಂತನ್ನು ನಿರ್ದೇಶಿಸಿದವರೂ ‘ಫ್ಲೈ’ ನಿರ್ದೇಶಕ ರಿಯಾನ್ ಜಾನ್ಸನ್ ಅವರೇ!

ಅಭಿಮಾನಿಗಳು ವಾಲ್ಟರ್‌ನ ಹೆಂಡತಿ ಸ್ಕೈಲರ್‌ಳನ್ನು ಬೈಯುವುದನ್ನಂತೂ ನಾನು ಒಪ್ಪಲಾರೆ. ಮಾದಕವಸ್ತು ತಯಾರಿಸಿ ಕೊಲೆಗೂ ಹೇಸದ ಗಂಡನಿಗೆ ಜೈಕಾರ, ಪ್ರಶ್ನಿಸಿದ ಹೆಂಡತಿಗೆ ಶಾಪ, ಇದೆಂಥ ನ್ಯಾಯ? ಆ ಪಾತ್ರ ಮಾಡಿದ ಆನಾ ಗನ್ ಈ ದ್ವೇಷದ ಕುರಿತು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಲೇಖನವನ್ನೇ ಬರೆಯಬೇಕಾಯಿತು.