ಬೀಗರೂಟದ ಪಂಕ್ತಿಯಲ್ಲಿ ಡಾರ್ವಿನ್

ಕಳೆದ ತಿಂಗಳು ಮಂಡ್ಯದ ಹತ್ತಿರದ ನಮ್ಮೂರಿನಲ್ಲಿ ನಡೆದ ಬೀಗರೂಟದಲ್ಲಿ, ಪಕ್ಕದ ಎಲೆಗೆ ಕುಳಿತಿದ್ದ ದೊಡ್ಡಪ್ಪನವರು ಮುದ್ದೆ ಮುರಿಯುತ್ತಾ ಹೇಳಿದರು: ‘ಹಿಂದೆ ಗಟ್ಟಿಕಾಳು ಉಳೀತಿತ್ತು, ಜೊಳ್ಳು ಹಾರೋಗ್ತಿತ್ತು ಕಣ್ಲಾ. ಈಗ ಡಾಕ್ಟ್ರು ಜೊಳ್ಳನ್ನೂ ಕಾಪಾಡ್ತವ್ರೆ. ಅದಕ್ಕೇ ಮನೆಗೊಬ್ರು ಶುಗರ್‌ನೋರು.’ ವರ್ಷಗಟ್ಟಲೆ ಕಣದಲ್ಲಿ ರಾಗಿ ತೂರಿದವರ ಬಾಯಿಗೆ ಸಹಜವಾಗಿ ಬಂದ ಮಾತು ಅದು. ಅವರಿಗೆ ಡಾರ್ವಿನ್ ಯಾರೆಂದು ತಿಳಿಯದು. ಆದರೆ ಡಾರ್ವಿನ್ ಕೂಡ 1871ರಲ್ಲಿ ಇದನ್ನೇ ಬರೆದಿದ್ದರು. ಸಿಡುಬಿನ ಲಸಿಕೆಯಿಂದ ಸಾವಿರಾರು ದುರ್ಬಲ ದೇಹಗಳು ಉಳಿದುಕೊಂಡಿವೆ, ಸಾಕುಪ್ರಾಣಿಗಳ ವಿಷಯದಲ್ಲಿ ಯಾರೂ ಹೀಗೆ ಮಾಡುವುದಿಲ್ಲ ಎಂದವರು, ಅಸಹಾಯಕರನ್ನು ಕೈಬಿಟ್ಟರೆ ನಮ್ಮ ಸ್ವಭಾವದ ಅತ್ಯುತ್ತಮ ಅಂಶವೇ ಹಾಳಾಗುತ್ತದೆ ಎಂದೂ ಅಲ್ಲೇ ಸೇರಿಸಿದ್ದರು. ಮೊದಲರ್ಧವನ್ನಷ್ಟೇ ಹಿಡಿದುಕೊಂಡವರು ಮುಂದಿನ ಶತಮಾನದಲ್ಲಿ ಅಮೆರಿಕದಲ್ಲಿ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗೂ ಜರ್ಮನಿಯಲ್ಲಿ ಅದಕ್ಕಿಂತ ಘೋರವಾದುದಕ್ಕೂ ಕೈಹಾಕಿದರು.

ದೊಡ್ಡಪ್ಪನವರ ಮಾತಿನಲ್ಲಿ ನಿಜವೇ ಇಲ್ಲವೆಂದು ನಾನು ಹೇಳಲಾರೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಬಾರಿಗೆ ರೋಗಿಯೊಬ್ಬನಿಗೆ ಇನ್ಸುಲಿನ್ ಚುಚ್ಚುವವರೆಗೂ, ಬಾಲ್ಯದಲ್ಲೇ ಸಕ್ಕರೆ ಕಾಯಿಲೆ ಬಂದ ಮಗು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಈಗ ಅಂಥ ಮಕ್ಕಳು ದೊಡ್ಡವರಾಗುತ್ತಾರೆ, ಮದುವೆಯಾಗುತ್ತಾರೆ, ಮಕ್ಕಳನ್ನು ಹಡೆಯುತ್ತಾರೆ. ಆ ಮಟ್ಟಿಗೆ ನಿಸರ್ಗದ ಜರಡಿ ಸಡಿಲವಾಗಿರುವುದು ನಿಜ. ಆದರೆ ಎಷ್ಟು ಸಡಿಲವಾಗಿದೆ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು.

ತಾಯಿ ತಂದೆ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಯೊಂದು 10,000 ಮಕ್ಕಳಲ್ಲಿ ಒಂದಕ್ಕೆ ಬರುತ್ತದೆ ಎಂದಿಟ್ಟುಕೊಳ್ಳೋಣ. ಆ ಹತ್ತು ಸಾವಿರದಲ್ಲಿ ಸುಮಾರು 198 ಮಂದಿ ಅದೇ ಜೀನಿನ ಒಂದೊಂದು ಪ್ರತಿಯನ್ನು ಹೊತ್ತು, ತಮಗೇ ಗೊತ್ತಿಲ್ಲದೆ, ಗುಂಡುಕಲ್ಲಿನಂತೆ ಓಡಾಡಿಕೊಂಡಿರುತ್ತಾರೆ. ಒಟ್ಟು 200 ಪ್ರತಿಗಳಲ್ಲಿ ಆ ಒಂದು ಮಗುವಿನಲ್ಲಿರುವುದು ಎರಡೇ. ಮಗುವನ್ನು ಸಾಯಲು ಬಿಟ್ಟರೂ ನೂರಕ್ಕೆ ತೊಂಬತ್ತೊಂಬತ್ತು ಪಾಲು ಗಟ್ಟಿಕಾಳುಗಳಲ್ಲೇ ಉಳಿಯುತ್ತದೆ. ಇನ್ನು ಅಂಥ ಎಲ್ಲ ಮಕ್ಕಳನ್ನೂ ಉಳಿಸಿದರೆ, ಹೊಸದಾಗಿ ಹುಟ್ಟುವ ಜೀನ್ ದೋಷಗಳೂ ಸೇರಿ, ಆ ಜೀನಿನ ಪಾಲು ಎರಡರಷ್ಟಾಗಲು ಸುಮಾರು 100 ತಲೆಮಾರುಗಳು, ಎಂದರೆ 2,500 ವರ್ಷಗಳಾದರೂ ಬೇಕು. ಅದೇ ಅಕ್ಕನ ಮಗಳನ್ನು ತಂದುಕೊಂಡ ಮನೆಯಲ್ಲಿ ಹುಟ್ಟುವ ಮಗುವಿಗೆ ಈ ಕಾಯಿಲೆ ಬರುವ ಸಂಭವ ಒಂದೇ ತಲೆಮಾರಿನಲ್ಲಿ ಸುಮಾರು 13 ಪಟ್ಟು ಏರುತ್ತದೆ. (ಅಂದು ನಾವು ಯಾರ ಬೀಗರೂಟ ಉಣ್ಣುತ್ತಿದ್ದೆವೋ ಆ ಮದುಮಗಳು ಮದುಮಗನ ಸ್ವಂತ ಅಕ್ಕನ ಮಗಳು. ಈ ಲೆಕ್ಕವನ್ನು ನಾನು ಅಲ್ಲಿ ಹೇಳಲಿಲ್ಲ.)

ಹಿಂದಿನ ಕಾಲದ ಸಾವು ಜೊಳ್ಳನ್ನೇ ಆರಿಸಿ ತೂರುತ್ತಿತ್ತು ಎಂಬುದನ್ನಂತೂ ನಾನು ಒಪ್ಪುವುದಿಲ್ಲ. ನಮ್ಮ ಕಡೆಯ ಹಳೆಯ ತಲೆಮಾರಿನಲ್ಲಿ ತಿಪ್ಪಯ್ಯ, ತಿಪ್ಪಮ್ಮ ಎಂಬ ಹೆಸರುಗಳು ಅಷ್ಟೊಂದು ಇರುವುದೇಕೆ? ಮುಂಚೆ ಹುಟ್ಟಿದ ಮಕ್ಕಳು ಸತ್ತಿದ್ದರೆ, ಹೊಸ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ಆ ಹೆಸರಿಟ್ಟರೆ ಸಾವು ಅದನ್ನು ಕಸವೆಂದು ಬಿಟ್ಟುಹೋಗುತ್ತದೆ ಎಂಬ ನಂಬಿಕೆಯಿತ್ತು. ನಮ್ಮ ಅಜ್ಜಿ ಹಡೆದದ್ದು ಒಂಬತ್ತು, ಉಳಿದದ್ದು ಐದು. ಹೋದ ನಾಲ್ಕೂ ಜೊಳ್ಳೇ ಆಗಿದ್ದವೇ, ಅಥವಾ ಕೆರೆಯ ನೀರು ಕುಡಿದು ಭೇದಿ ಹತ್ತಿದ ಗಟ್ಟಿಕಾಳುಗಳೇ? 1898ರಲ್ಲಿ ಮೈಸೂರಿಗೆ ಬಂದ ಪ್ಲೇಗು ಹುಡುಕಿಕೊಂಡು ಹೋದದ್ದು ಇಲಿಗಳಿದ್ದ ಇಕ್ಕಟ್ಟಾದ ಕೇರಿಗಳನ್ನು. ಅದಕ್ಕೇ 1903ರಲ್ಲಿ ನಗರಾಭಿವೃದ್ಧಿಗೆಂದೇ ಒಂದು ಮಂಡಳಿ ರಚಿಸಿ ಬೀದಿಗಳನ್ನು ಅಗಲಗೊಳಿಸುವ ಕೆಲಸಕ್ಕೆ ತೊಡಗಿದರು. ಅತ್ತ ಕ್ಷಯಕ್ಕೆ ಅರಮನೆಯೂ ಒಂದೇ, ಗುಡಿಸಲೂ ಒಂದೇ: ಕೆಆರ್‌ಎಸ್ ರಸ್ತೆಯ ಕ್ಷಯರೋಗ ಆಸ್ಪತ್ರೆಗೆ ಇರುವುದು ಆ ರೋಗದಿಂದಲೇ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರು.

ಮನೆಗೊಬ್ಬರಂತೆ ಇರುವ ಶುಗರ್ ಬೇರೆಯದೇ ಕಥೆ. ಅದು ಬಹುಪಾಲು ಬರುವುದು ನಡುವಯಸ್ಸಿನಲ್ಲಿ, ಮಕ್ಕಳಾದ ಮೇಲೆ. ನಿಸರ್ಗದ ಆಯ್ಕೆಗೆ ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಮೇಲಾಗಿ ಒಂದೆರಡು ತಲೆಮಾರಿನಲ್ಲೇ ಹೀಗೆ ಹಬ್ಬಿದ ಕಾಯಿಲೆಗೆ ಜೀನುಗಳ ಬದಲಾವಣೆ ಕಾರಣವಾಗುವಷ್ಟು ಕಾಲವೇ ಸಿಕ್ಕಿಲ್ಲ. ಶುಗರ್, ಹೃದ್ರೋಗದಂಥ ನಡುವಯಸ್ಸಿನ ಕಾಯಿಲೆಗಳ ಕಾರಣವನ್ನು ಎಲ್ಲಿ ಹುಡುಕಬೇಕೆಂಬುದಕ್ಕೆ ಮೈಸೂರಿನಲ್ಲೇ ಒಂದು ಸುಳಿವಿದೆ. ನಾವು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಹಳೆಯ ಹೆರಿಗೆ ದಾಖಲೆಗಳಲ್ಲಿ ಕೂಸುಗಳ ತೂಕವನ್ನು ಬರೆದಿಟ್ಟಿದ್ದರು. 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನವು, ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚೆಂದೂ, ತಾಯಿಯೂ ಬಡಕಲಾಗಿದ್ದರೆ ಇನ್ನೂ ಹೆಚ್ಚೆಂದೂ ತೋರಿಸಿತು. ಐವತ್ತು ವರ್ಷಗಳ ನಂತರ ಎದೆ ಹಿಡಿದುಕೊಳ್ಳುವ ಮನುಷ್ಯನ ಲೆಕ್ಕ ಬಸುರಿಯ ತಟ್ಟೆಯಲ್ಲೇ ಶುರುವಾಗಿರುತ್ತದೆ.

ಇನ್ನು, ಯಾವುದು ಜೊಳ್ಳು ಎಂದು ನಿರ್ಧರಿಸುವವರು ಯಾರು? ಹೆಗ್ಗಡದೇವನಕೋಟೆಯ ಹಾಡಿಗಳ ಜೇನುಕುರುಬರಲ್ಲಿ ಮತ್ತು ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕಂಡುಬರುವ ಸಿಕಲ್ ಸೆಲ್ ಅನೀಮಿಯಾ ಎಂಬ ರಕ್ತದ ಕಾಯಿಲೆಯನ್ನು ನೋಡಿ. ಅದರ ಜೀನ್ ಎರಡು ಪ್ರತಿ ಬಂದರೆ ಜೀವ ಹಿಂಡುತ್ತದೆ. ಒಂದೇ ಪ್ರತಿ ಇದ್ದರೆ ಮಲೇರಿಯಾದಿಂದ ಕಾಪಾಡುತ್ತದೆ ಎಂದು ವಿಜ್ಞಾನಿ ಆಂಟನಿ ಆಲಿಸನ್ 1954ರಲ್ಲಿ ತೋರಿಸಿದರು. ಎಂದರೆ ಈ ರೋಗವನ್ನು ಸಾವಿರಾರು ವರ್ಷ ಪೋಷಿಸಿಕೊಂಡು ಬಂದದ್ದು ಯಾವ ವೈದ್ಯರೂ ಅಲ್ಲ, ಸಾಕ್ಷಾತ್ ನಿಸರ್ಗದ ಆಯ್ಕೆಯೇ. ಮಲೇರಿಯಾ ತಗ್ಗಿದ ನೆಲದಲ್ಲಿ ಅದೇ ಜೀನ್ ಬರೀ ಹೊರೆ.

ವೈದ್ಯದಿಂದ ರೋಗ ಬೆಳೆಯುತ್ತಿದೆ ಎಂದು ನಾನು ಒಪ್ಪುವ ಜಾಗವೊಂದಿದೆ, ಆದರೆ ಅಲ್ಲಿ ಆಯ್ಕೆಯಾಗುತ್ತಿರುವುದು ಬ್ಯಾಕ್ಟೀರಿಯಾಗಳು. ಅನುಕೂಲ ಸಿಕ್ಕರೆ ಅವು ಅರ್ಧ ಗಂಟೆಗೊಮ್ಮೆ ಇಬ್ಭಾಗವಾಗುತ್ತವೆ; ನಮಗೆ 2,500 ವರ್ಷ ಹಿಡಿಯುವ 100 ತಲೆಮಾರುಗಳು ಅವಕ್ಕೆ ಎರಡು ದಿನದ ಕೆಲಸ. ಆ್ಯಂಟಿಬಯಾಟಿಕ್ ಸಾಯಿಸಿದ ಮೇಲೆ ಉಳಿದವು, ದೊಡ್ಡಪ್ಪನವರ ಅರ್ಥದಲ್ಲೇ, ಗಟ್ಟಿಕಾಳುಗಳು. ಊಟ ಮುಗಿಸಿ ಕೈ ತೊಳೆಯುವಾಗ ಅವರು ಅಂಗಿಯ ಜೇಬಿನಿಂದ ಮಾತ್ರೆಯ ಸ್ಟ್ರಿಪ್ ಒಂದನ್ನು ತೆಗೆದು ನೋಡಿ ಹಾಗೆಯೇ ಒಳಗಿಟ್ಟರು. ಕೇಳಿದ್ದಕ್ಕೆ, ಜ್ವರಕ್ಕೆಂದು ಮೆಡಿಕಲ್ ಸ್ಟೋರಿನವನು ಚೀಟಿಯಿಲ್ಲದೆ ಕೊಟ್ಟ ಆ್ಯಂಟಿಬಯಾಟಿಕ್, ಎರಡು ದಿನಕ್ಕೇ ಜ್ವರ ಬಿಟ್ಟಿತು, ಉಳಿದ ಆರು ಮಾತ್ರೆ ಮುಂದಿನ ಸಲಕ್ಕೆ ಇರಲಿ ಎಂದರು.